ತುತ್ತು ಅಸಲಿಯೋ? ತಕ್ಕಡಿ ಉತ್ತರ ಹೇಳಲು ಕಲಿತ ಕತೆ

ಮಳೆ ಹಿಡಿಯುವ ಮೊದಲು ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ತೋಟದವರ ಮನೆಗೆ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲ ಬಂದು ಕೂರುತ್ತದೆ. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು ಇದು. ಮರ ಹತ್ತುವ ಮುಂಚೆ ಕಬ್ಬಿಣದ ಚೂರಿಯನ್ನು ಡ್ರಮ್ಮಿಗೆ ಅದ್ದಿ ನೋಡುವ ಕ್ರಮವೂ ಉಂಟು. ಚೂರಿಗೆ ತಾಮ್ರ ಅಂಟಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ.

ಚೂರಿ ಹೇಳುವುದು ಸುಣ್ಣದ ಸುದ್ದಿ ಮಾತ್ರ. ಕಳೆದ ಮಳೆಗಾಲ ಅಪ್ಪಚ್ಚಿ (ಚಿಕ್ಕಪ್ಪ) ನನ್ನನ್ನು ಕೇಳಿದ್ದು ಬೇರೆ: "ಈ ಸರ್ತಿಯ ತುತ್ತು ಸ್ವಲ್ಪ ಹಸಿರು ಕಾಣ್ತದಲ್ಲ, ಅನ್ನಭೇದಿ ಬೆರೆಸಿದ್ದಾರಾ ಏನು? ನಿನ್ನ ಲ್ಯಾಬಿನಲ್ಲಿ ನೋಡ್ಲಿಕ್ಕೆ ಆಗ್ತದಾ?"

ಆಗುತ್ತದೆ. ಅನ್ನಭೇದಿ ಎಂದರೆ ಹಸಿರು ಬಣ್ಣದ ಕಬ್ಬಿಣದ ಸಲ್ಫೇಟ್. ಗುರುತು ಸಿಗದ ಲವಣವನ್ನು ಬಣ್ಣ, ಜ್ವಾಲೆ, ವಾಸನೆಯಿಂದ ಪತ್ತೆಹಚ್ಚುವುದನ್ನು ಪ್ಲಸ್ ಟು ಮಕ್ಕಳೂ ಮಾಡುತ್ತಾರೆ. ನನಗೆ ಹಿಡಿಸುವುದು ತೂಕದ ದಾರಿ. ತುತ್ತಿನ ಹರಳಿನೊಳಗೆ ನೀರು ಅಡಗಿದೆ. ಮೂಸೆಯಲ್ಲಿ ಹಾಕಿ 250 ಡಿಗ್ರಿಯ ಹತ್ತಿರ ಕಾಯಿಸಿದರೆ ನೀಲಿ ಹೋಗಿ ಬೂದಿಬಿಳಿ ಪುಡಿಯಾಗುತ್ತದೆ, ತೂಕ ಶೇ. 36.1ರಷ್ಟು ಇಳಿಯುತ್ತದೆ. ಅವಸರಪಟ್ಟು ಉರಿ ಜೋರು ಮಾಡಿದರೆ ಗಂಧಕವೂ ಹಾರಿಹೋಗಿ ಕಪ್ಪು ತಾಮ್ರದ ಆಕ್ಸೈಡ್ ಉಳಿಯುತ್ತದೆ. ಆಗ ಲೆಕ್ಕ ಕೆಟ್ಟಿತು.

ಕಾಯಿಸಿ ತೂಗುವುದು ಅಕ್ಕಸಾಲಿಗರಿಗೆ ಹಳೆಯ ವಿದ್ಯೆ. ಹಾರಿಹೋದದ್ದು ಏನು ಎಂದು ತಕ್ಕಡಿಯನ್ನೇ ಕೇಳಿದವರಲ್ಲಿ ಮೊದಲಿಗ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಮೆಗ್ನೀಸಿಯಾ ಆಲ್ಬಾ (ಮೆಗ್ನೀಸಿಯಂನ ಕಾರ್ಬನೇಟ್) ಕಾಯಿಸಿದಾಗ ಇಳಿದ ತೂಕ ಒಂದು ಗಾಳಿಯದ್ದು ಎಂದು 1756ರಲ್ಲಿ ತೋರಿಸಿದ. ಅದೇ ಇಂದಿನ ಕಾರ್ಬನ್ ಡೈಆಕ್ಸೈಡ್. ಸ್ವೀಡನ್ನಿನ ಬರ್ಗ್‌ಮನ್ ಇನ್ನೊಂದು ದಾರಿ ತೆರೆದ: ಲೋಹವನ್ನೇ ಬೇರ್ಪಡಿಸುವ ಕಷ್ಟ ಯಾಕೆ, ಕರಗದ ಸಂಯುಕ್ತವಾಗಿ ತಳಕ್ಕಿಳಿಸಿ ಅದನ್ನೇ ತೂಗಿದರೆ ಸಾಕು.

ನನ್ನ ಮೆಚ್ಚಿನವನು ಮಾತ್ರ ಜರ್ಮನಿಯ ಕ್ಲಾಪ್ರೋತ್. 1789ರಲ್ಲಿ ಯುರೇನಿಯಂ ಗುರುತಿಸಿದವನು ಎಂದು ಪಾಠಗಳಲ್ಲಿ ಬರುತ್ತಾನೆ. ಪ್ರಯೋಗಾಲಯಕ್ಕೆ ಅವನು ಬಿಟ್ಟುಹೋದದ್ದು ಎರಡು ಅಭ್ಯಾಸ. ಒಂದು, ಕಾಯಿಸು, ಆರಿಸು, ತೂಗು. ಅಂಕಿ ಬದಲಾಗದೆ ನಿಲ್ಲುವ ತನಕ ಮತ್ತೆ ಮತ್ತೆ. ಇನ್ನೊಂದು, ಬಂದ ಅಂಕಿಯನ್ನೇ ಬರೆ. ಒಟ್ಟು ನೂರು ಆಗದಿದ್ದರೆ ಹೊಂದಿಸಿ ಬರೆಯುವುದು ಆಗ ಮಾಮೂಲಾಗಿತ್ತು. ಅವನು ಕೊರತೆಯನ್ನೂ ಹಾಗೆಯೇ ಅಚ್ಚು ಹಾಕಿಸಿದ. (ಉತ್ತರ ಮೊದಲೇ ತಿಳಿದು ಹಿಂದಿನಿಂದ ತೂಕ ಬರೆಯುವ ರೆಕಾರ್ಡ್ ಪುಸ್ತಕಗಳನ್ನು ನಾನು ಎಷ್ಟು ತಿದ್ದಿಲ್ಲ!)

ಶೇಕಡಾ ಸಿಕ್ಕಿದರೂ ಅದು ಯಾವ ಲವಣದ್ದು ಎನ್ನಲು ಪರಮಾಣು ತೂಕ ಬೇಕಿತ್ತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1826ರಲ್ಲಿ ಕೊಟ್ಟ ಪಟ್ಟಿಯ ಅನೇಕ ಬೆಲೆಗಳು ಇಂದಿನವಕ್ಕೆ ತೀರಾ ಹತ್ತಿರ. 1915ರಲ್ಲಿ ಜಪಾನಿನ ಕೊತಾರೊ ಹೋಂಡಾ ತಕ್ಕಡಿಯನ್ನೂ ಕುಲುಮೆಯನ್ನೂ ಜೋಡಿಸಿ, ಕಾಯುತ್ತಿರುವಾಗಲೇ ತೂಕ ನೋಡುವ ಸಾಧನ ಮಾಡಿದ. ಅಂಥದ್ದರಲ್ಲಿ ತುತ್ತು ಮೆಟ್ಟಿಲು ಇಳಿದಂತೆ ಇಳಿಯುತ್ತದೆ: ಶೇ. 14.4, ಆಮೇಲೆ 28.9, ಕೊನೆಗೆ 36.1.

ಹಾಗೆಂದು ಒಂದೇ ಅಂಕಿಯನ್ನು ನಂಬಿದರೆ ಮೋಸ ಹೋದಂತೆ. ಅಡುಗೆ ಸೋಡಾ ಕಾಯಿಸಿದರೆ ಇಳಿಯುವುದು ಶೇ. 36.9, ತುತ್ತಿನಿಂದ ಒಂದು ಅಂಶವೂ ದೂರವಿಲ್ಲ. ಅಲ್ಲಿ ಬಣ್ಣವಾದರೂ ಕಾಪಾಡುತ್ತದೆ. ಎಪ್ಸಂ ಲವಣ ಶೇ. 51.2, ಮೆಗ್ನೀಸಿಯಂ ಕಾರ್ಬನೇಟ್ ಶೇ. 52.2, ಎರಡೂ ಬಿಳಿ. ಅನ್ನಭೇದಿಯಂತೂ ಕೊನೆಯ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಕಾಯಿಸುವ ದಾರಿ ಅದರ ಮುಂದೆ ನಡೆಯದು.

ಆದ್ದರಿಂದ ಅಪ್ಪಚ್ಚಿಯ ತುತ್ತಿಗೆ ಬರ್ಗ್‌ಮನ್ನನ ದಾರಿ. ಒಂದು ಗ್ರಾಂ ಕರಗಿಸಿ, ಬೇರಿಯಂ ಕ್ಲೋರೈಡ್ ಹಾಕಿ, ತಳಕ್ಕಿಳಿದ ಬಿಳಿ ಬೇರಿಯಂ ಸಲ್ಫೇಟನ್ನು ಸೋಸಿ, ಸುಟ್ಟು, ತೂಗಬೇಕು. ಶುದ್ಧ ತುತ್ತಾದರೆ 935 ಮಿಲಿಗ್ರಾಂ. ಅನ್ನಭೇದಿಯಲ್ಲಿ ಸಲ್ಫೇಟಿನ ಪಾಲು ಕಡಿಮೆ, ಹತ್ತರಲ್ಲಿ ಒಂದು ಪಾಲು ಅದು ಇದ್ದರೆ 925. ವ್ಯತ್ಯಾಸ 10 ಮಿಲಿಗ್ರಾಂ, ಅಂದರೆ ಒಂದು ಗುಲಗಂಜಿಯ ಹನ್ನೆರಡನೇ ಒಂದು ಪಾಲು.

ನಮ್ಮೂರಿನ ಜೂನ್ ತಿಂಗಳಲ್ಲಿ ಇದೇನು ಸಣ್ಣ ಪರೀಕ್ಷೆಯಲ್ಲ. ಮೊದಲು ರೂಢಿಗೆಂದು ಕಾಯಿಸಿ ನೋಡಿದೆ. ಮೂಸೆಯನ್ನು ಮೇಜಿನ ಮೇಲೆಯೇ ಆರಲು ಬಿಟ್ಟದ್ದು ತಪ್ಪಾಯಿತು: ತಕ್ಕಡಿಯ ಕೊನೆಯ ಅಂಕಿ ಕಣ್ಣೆದುರೇ ಏರುತ್ತಾ ಹೋಯಿತು, ಪುಡಿಯ ಅಂಚು ನೀಲಿಗಟ್ಟಿತು. ಹೊರಗೆ ಸುರಿಯುವ ಮಳೆಯನ್ನೇ ಅದು ಕುಡಿಯುತ್ತಿತ್ತು. ಡೆಸಿಕೇಟರಿನ (ತೇವ ತಾಗದಂತೆ ಆರಿಸುವ ಗಾಜಿನ ಪಾತ್ರೆ) ಮುಚ್ಚಳಕ್ಕೆ ಗ್ರೀಸ್ ಬಳಿದು, ಒಳಗಿನ ಸಿಲಿಕಾ ಜೆಲ್ ಒಣಗಿಸಿ, ಆಮೇಲೆ ಬೇರಿಯಂ ಪ್ರಯೋಗಕ್ಕೆ ಕೈಹಾಕಿದೆ. ಮೂರನೆಯ ಸಲ ಕಾಯಿಸಿದ ಮೇಲೆ ಅಂಕಿ ನಿಂತಿತು: 931.

"ಬೆರಕೆ ಉಂಟಾ ಇಲ್ಲವಾ?" ಎಂದು ಅಪ್ಪಚ್ಚಿಯ ಫೋನ್. 931 ಬಂದಿದೆ, ಇನ್ನೆರಡು ಸಲ ಮಾಡಿ ಹೇಳುತ್ತೇನೆ ಎಂದೆ.

"ಆಯ್ತು ಮಾರಾಯ, ನಿಧಾನಕ್ಕೆ ಮಾಡು. ತೋಟಕ್ಕೆ ಮದ್ದು ಬಿಟ್ಟು ನಾಲ್ಕು ದಿನ ಆಯ್ತು."