ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಳನಾಡಿನಲ್ಲಿ, ದನ ಮೇಯುವ ಒಣ ಕಾಡುಗಳಲ್ಲಿ, ಪ್ರಾಣಿ ಮತ್ತು ಸಸ್ಯಗಳ ಸಮೀಕ್ಷೆ ಮಾಡುವುದು ನನ್ನ ವೃತ್ತಿ. ವರದಿ ಕಳುಹಿಸಿದ ಮಾರನೆಯ ದಿನ ಬರುವ ದೂರವಾಣಿ ಕರೆಯಲ್ಲಿ ಏನಿರುತ್ತದೆ ಎಂಬುದು ಈಗೀಗ ನನಗೆ ಮೊದಲೇ ತಿಳಿದಿರುತ್ತದೆ. ‘ಹಾವು ಕಾಣಲಿಲ್ಲ ಎಂದು ಬರೆದಿದ್ದೀರಿ. ಅದನ್ನು ಹಾವು ಇಲ್ಲ ಎಂದು ತಿದ್ದಿ ಕೊಟ್ಟುಬಿಡಿ, ನಮ್ಮ ಕೆಲಸ ಸಾಗಲಿ’ ಎನ್ನುತ್ತಾರೆ. ಕೇಳುವವರು ಕೆಟ್ಟವರೇನಲ್ಲ. ಅನಿಲದ ಕೊಳವೆ ಹಾಕುವವರೋ ಸೌರ ಫಲಕ ನೆಡುವವರೋ ಆಗಿರುತ್ತಾರೆ, ಕೆಲಸ ಶುರುಮಾಡುವ ಮೊದಲು ಅಲ್ಲಿ ರಕ್ಷಿತ ಜೀವಿಗಳಿವೆಯೇ ಎಂದು ನನ್ನಿಂದ ಸಮೀಕ್ಷೆ ಮಾಡಿಸುತ್ತಾರೆ, ಅವರಿಗೂ ಮೇಲಿನಿಂದ ಒತ್ತಡವಿರುತ್ತದೆ, ಒಂದು ಕ್ರಿಯಾಪದಕ್ಕೆ ಈ ಮನುಷ್ಯ ಇಷ್ಟು ಹಟ ಹಿಡಿಯುವುದೇಕೆ ಎಂದು ಪ್ರಾಮಾಣಿಕವಾಗಿಯೇ ಬೆರಗಾಗುತ್ತಾರೆ. ‘ಕಾಣಲಿಲ್ಲ’ ಎಂಬುದು ನನ್ನ ಕಣ್ಣಿನ ಬಗ್ಗೆ ಹೇಳುವ ಮಾತು, ‘ಇಲ್ಲ’ ಎಂಬುದು ಹಾವಿನ ಬಗ್ಗೆ ಹೇಳುವ ಮಾತು. ಮೊದಲನೆಯದಕ್ಕೆ ನಾನು ಎಷ್ಟು ಸಲ ಬೇಕಾದರೂ ಸಹಿ ಹಾಕುತ್ತೇನೆ.

ಹಾವು ಎಂದೆನಲ್ಲ, ಅದು ಆರ್ನಮೆಂಟಲ್ ಸ್ನೇಕ್ ಎಂದು ಕರೆಯುವ, ಅರ್ಧ ಮೀಟರ್ ದಾಟದ, ತುಟಿಯ ಮೇಲೆ ಪಟ್ಟೆಗಳಿರುವ ಒಂದು ಕಂದು ಹಾವು. ಆಸ್ಟ್ರೇಲಿಯಾದ 1999ರ ಪರಿಸರ ಕಾಯ್ದೆಯಡಿ ಅದು ರಕ್ಷಿತ ಜೀವಿ. ಬ್ರಿಗಲೋ ಎಂಬ, ಜಾಲಿಯ ಕುಲಕ್ಕೆ ಹತ್ತಿರದ, ಬೆಳ್ಳಿಬಣ್ಣದ ಎಲೆಯ ಮರಗಳ ಸೀಮೆ ಅದರ ಮನೆ. ಈ ಮರಗಳು ಬೆಳೆದಿರುವುದು ಗದಗ, ನರಗುಂದದ ಕಡೆಯವರು ಕಂಡೊಡನೆ ಗುರುತಿಸಬಹುದಾದ ಎರೆ ನೆಲದಲ್ಲಿ. ಮಳೆ ಬಂದರೆ ಉಬ್ಬುವ, ಒಣಗಿದಾಗ ಕೈ ತೂರುವಷ್ಟು ಅಗಲಕ್ಕೆ ಬಿರಿಯುವ ಅದೇ ಮಣ್ಣು. ಸಾವಿರಾರು ವರ್ಷ ಹೀಗೆ ಉಬ್ಬಿ ಕುಗ್ಗಿ ನೆಲವೆಲ್ಲ ದಿಣ್ಣೆ ತಗ್ಗುಗಳಾಗಿದೆ. ಅಲ್ಲಿಯವರು ಇವನ್ನು ಗಿಲ್ಗೈ ಎನ್ನುತ್ತಾರೆ. ಇಂಥ ಮಣ್ಣನ್ನು ಹುಲ್ಲುಗಾವಲು ಮಾಡುವ ಆಸೆಯಿಂದ 1962ರಲ್ಲಿ ಫಿಟ್ಜ್‌ರಾಯ್ ನದೀಕಣಿವೆಯಲ್ಲಿ ಸರ್ಕಾರದ ಯೋಜನೆಯೇ ಆರಂಭವಾಯಿತು, ಟ್ರ್ಯಾಕ್ಟರುಗಳ ನಡುವೆ ಸರಪಳಿ ಕಟ್ಟಿ ಕಾಡನ್ನು ಎಳೆದು ಉರುಳಿಸಿದರು. ಇಂದು ಬ್ರಿಗಲೋ ಉಳಿದಿರುವುದು ಬಹುಪಾಲು ರಸ್ತೆಯಂಚಿನ, ಬೇಲಿಸಾಲಿನ ಪಟ್ಟಿಗಳಲ್ಲಿ. ಕೊಳವೆಯೂ ರಸ್ತೆಯೂ ಹಾಯುವುದು ಅದೇ ಪಟ್ಟಿಗಳ ಮೇಲೆಯೇ ಆದ್ದರಿಂದ ನಮ್ಮಂಥವರಿಗೆ ಕೆಲಸ.

ಈ ಹಾವು ತಿನ್ನುವುದು ಹೆಚ್ಚುಕಡಿಮೆ ಕಪ್ಪೆಗಳನ್ನು ಮಾತ್ರ. ಕಪ್ಪೆ ಹೊರಬರುವುದು ಗಿಲ್ಗೈ ತಗ್ಗುಗಳಲ್ಲಿ ನೀರು ನಿಂತಾಗ. ಉಳಿದ ತಿಂಗಳುಗಳಲ್ಲಿ ಕಪ್ಪೆ ಮಣ್ಣಿನೊಳಗೆ, ಹಾವು ಬಿರುಕಿನೊಳಗೆ. ಇಷ್ಟನ್ನು ನಾನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಸೆಪ್ಟೆಂಬರಿನ ಒಣಗಾಲದಲ್ಲಿ 4 ರಾತ್ರಿಗಳ ಸಮೀಕ್ಷೆಗೆ ಆದೇಶ ಕಳುಹಿಸುತ್ತಾರೆ.

ಲೆಕ್ಕವನ್ನು ಒಮ್ಮೆ ನಿಧಾನವಾಗಿ ಮಾಡಿ ತೋರಿಸುತ್ತೇನೆ, ಏಕೆಂದರೆ ತಪ್ಪು ನಡೆಯುವುದು ಇಲ್ಲಿಯೇ. ಹಾವು ಆ ಜಾಗದಲ್ಲಿ ಇದ್ದೇ ಇದೆ ಎಂದು ಇಟ್ಟುಕೊಳ್ಳೋಣ. ಮಳೆಯಾದ ಬೆಚ್ಚನೆಯ ರಾತ್ರಿ ಇಬ್ಬರು ಹಣೆಗೆ ಟಾರ್ಚು ಕಟ್ಟಿಕೊಂಡು ಗಂಟೆಗಟ್ಟಲೆ ನಡೆದರೆ ಅದು ಕಣ್ಣಿಗೆ ಬೀಳುವ ಸಂಭವ 5ರಲ್ಲಿ 1 ಎನ್ನೋಣ. ಇದು ಲೆಕ್ಕಕ್ಕಾಗಿ ನಾನು ಹಿಡಿದ ಸಂಖ್ಯೆ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹಾಗಾದರೆ ಒಂದು ರಾತ್ರಿಯಲ್ಲಿ ಅದು ತಪ್ಪಿಸಿಕೊಳ್ಳುವ ಸಂಭವ ಶೇ. 80. ಎರಡೂ ರಾತ್ರಿ ತಪ್ಪಿಸಿಕೊಳ್ಳುವುದು ಶೇ. 64, ಮೂರೂ ರಾತ್ರಿ ಶೇ. 51, ನಾಲ್ಕೂ ರಾತ್ರಿ ಶೇ. 41. ಅಂದರೆ ಅತ್ಯುತ್ತಮ ಹವೆಯಲ್ಲಿ 4 ರಾತ್ರಿ ಹುಡುಕಿದ ಮೇಲೂ, ಇರುವ ಹಾವನ್ನೇ ಕಾಣದೆ ಮರಳುವ ಅಪಾಯ 5ರಲ್ಲಿ 2. ಅದನ್ನು ಶೇ. 5ಕ್ಕಿಂತ ಕೆಳಗಿಳಿಸಬೇಕಾದರೆ 14 ರಾತ್ರಿಗಳು ಬೇಕು. ನನ್ನ ವೃತ್ತಿಜೀವನದಲ್ಲಿ 14 ರಾತ್ರಿಗೆ ಹಣ ಕೊಟ್ಟವರನ್ನು ನಾನು ಕಂಡಿಲ್ಲ. ಅಂಥವರು ಇಲ್ಲ ಎಂದು ಮಾತ್ರ ಹೇಳಲಾರೆ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಈ ಗುಣಾಕಾರ ನಡೆಯುವುದು ಪ್ರತಿ ರಾತ್ರಿಯೂ ಹಾವಿಗೆ ಹೊರಬರಲು ಕಾರಣವಿದ್ದಾಗ ಮಾತ್ರ. ಮಳೆ ಇಲ್ಲದ 14 ರಾತ್ರಿಗಳು 14 ಸಮೀಕ್ಷೆಗಳಾಗುವುದಿಲ್ಲ, ಒಂದೇ ಒಣರಾತ್ರಿಯನ್ನು 14 ಸಲ ನೋಡಿ ಬಂದಂತಾಗುತ್ತದೆ. ತೇರಿನ ತಿಂಗಳು ಬಿಟ್ಟು ಬೇರೆ ತಿಂಗಳಲ್ಲಿ ತೇರುಬೀದಿಗೆ ದಿನವೂ ಹೋಗಿ ನಿಂತು, ಈ ಊರಿಗೆ ಜಾತ್ರೆಯೇ ಇಲ್ಲವೆಂದು ಬರೆದುಕೊಂಡು ಬರುವವನು ಎಷ್ಟು ದಿನ ನಿಂತರೇನು? ವರದಿಯಲ್ಲಿ ‘ಒಟ್ಟು 56 ಮಾನವಗಂಟೆಗಳ ಹುಡುಕಾಟ’ ಎಂದು ಬರೆದರೆ ಭಾರವಾಗಿ ಕಾಣುತ್ತದೆ, ಆ 56 ಗಂಟೆಗಳಲ್ಲಿ ಒಂದು ಕಪ್ಪೆಯಾದರೂ ಕೂಗಿತೇ ಎಂದು ಕೇಳುವವರು ಕಡಿಮೆ.

ಇದಕ್ಕೆ ಅಂಟಿಕೊಂಡ ಒಂದು ವ್ಯಂಗ್ಯವೂ ಇದೆ. ಮಳೆಯಾದ ಎರೆ ದಾರಿಯಲ್ಲಿ ಗಾಡಿ ಹೂತುಹೋಗುತ್ತದೆ, ಆದ್ದರಿಂದ ಒದ್ದೆ ದಾರಿಯಲ್ಲಿ ವಾಹನ ಓಡಿಸಬಾರದೆಂಬ ಸುರಕ್ಷತಾ ನಿಯಮ ಬಹಳ ಕಡೆ ಇರುತ್ತದೆ. ನಿಯಮ ಸರಿಯಾದದ್ದೇ. ಆದರೆ ಅದರ ಫಲವಾಗಿ ಹಾವು ಹೊರಬರುವ ರಾತ್ರಿಗಳಲ್ಲೆಲ್ಲ ಸಮೀಕ್ಷಕರು ಊರಿನ ಮೋಟೆಲಿನಲ್ಲಿ ಕುಳಿತು ಆಕಾಶ ನೋಡುತ್ತಿರುತ್ತಾರೆ.

ಹುಲ್ಲಿನದೂ ಇದೇ ಕಥೆ. ಅದೇ ಎರೆ ಬಯಲುಗಳಲ್ಲಿ ಕಿಂಗ್ ಬ್ಲೂಗ್ರಾಸ್ ಎಂಬ ಅಪರೂಪದ ಹುಲ್ಲಿದೆ, ನಮ್ಮ ಕಡೆಯ ಮಾರ್ವೆಲ್ ಹುಲ್ಲಿನ ಕುಲದ್ದೇ. ಅದನ್ನು ಅದರ ಬಂಧುಗಳಿಂದ ಬೇರ್ಪಡಿಸಿ ಹೇಳಲು ತೆನೆ ಬೇಕು. ದನ ಬೋಳಿಸಿದ ಬಯಲಿನಲ್ಲಿ 100 ಮೀಟರ್ ಉದ್ದ, 50 ಮೀಟರ್ ಅಗಲದ ಆಯತ ಗುರುತುಹಾಕಿ, ಟೇಪು ಹಿಡಿದು, ಬುಡ ಮಾತ್ರ ಉಳಿದಿರುವ ಹುಲ್ಲನ್ನು ಮೊಣಕಾಲೂರಿ ನೋಡಿದರೆ ಸಿಗುವುದು ಬೆನ್ನುನೋವು. ದಕ್ಷಿಣದ ಹುಲ್ಲುಗಾವಲುಗಳ ಗೋಲ್ಡನ್ ಸನ್ ಮಾತ್ ಎಂಬ ಪತಂಗದ್ದಂತೂ ಇನ್ನೂ ಕಷ್ಟ: ರೆಕ್ಕೆ ಬಂದ ಮೇಲೆ ತಿನ್ನಲು ಬಾಯಿಯೇ ಇಲ್ಲದ ಅದು ಬದುಕುವುದು ಕೆಲವೇ ದಿನ, ಗಂಡು ಹಾರುವುದು ಅಲ್ಲಿನ ವಸಂತದ ಕೊನೆಯ, ಅಂದರೆ ನವೆಂಬರಿನ ಸುಮಾರಿನ, ಬಿಸಿಲೇರಿದ ನಡುಹಗಲಿನಲ್ಲಿ. ಮಾರ್ಚಿನಲ್ಲಿ ಹೋದವರಿಗೆ ಅದು ಎಂದೂ ಕಾಣದು.

ಕಾಣದಿರುವುದನ್ನು ಇಲ್ಲವೆಂದು ತಿಳಿದ ದೊಡ್ಡ ಉದಾಹರಣೆ ಬ್ರಿಗಲೋ ಸೀಮೆಯಲ್ಲಿಯೇ ಇದೆ. ಬಾಲದ ತುದಿಯಲ್ಲಿ ಉಗುರಿನಂಥ ಕೊಂಬಿರುವ ಬ್ರೈಡಲ್ಡ್ ನೇಲ್‌ಟೇಲ್ ವಾಲಬಿ ಎಂಬ ಸಣ್ಣ ಕಾಂಗರೂ ಜಾತಿ 1937ರ ಅನಂತರ ಯಾರ ದಾಖಲೆಗೂ ಸಿಕ್ಕಿರಲಿಲ್ಲ, ನಶಿಸಿತೆಂದೇ ಎಲ್ಲರೂ ನಂಬಿದ್ದರು. 1973ರಲ್ಲಿ ಡಿಂಗೊ ಎಂಬ ಊರಿನ ಬಳಿ ಬೇಲಿ ಹಾಕುವ ಗುತ್ತಿಗೆದಾರರೊಬ್ಬರು ಮಹಿಳೆಯರ ಪತ್ರಿಕೆಯೊಂದರಲ್ಲಿ ಅಳಿದ ಪ್ರಾಣಿಗಳ ಲೇಖನ ಓದುತ್ತಾ, ಇದನ್ನು ನಾನು ನೋಡಿದ್ದೇನಲ್ಲ ಎಂದು ತಿಳಿಸಿದರು. ಆ ದನಗಾವಲು ಭೂಮಿ ಈಗ ಟಾಂಟನ್ ರಾಷ್ಟ್ರೀಯ ಉದ್ಯಾನ. ಅಷ್ಟು ವರ್ಷ ಆ ಪ್ರಾಣಿ ಬೇಲಿಯವರ ಕಣ್ಣೆದುರೇ ಇತ್ತು.

ಹಾಗೆಂದು ‘ಇಲ್ಲ’ ಎಂದು ಬರೆಯಲೇ ಬಾರದೆಂದು ನಾನು ವಾದಿಸುತ್ತಿಲ್ಲ. ಬಿರಿಯದ ಮರಳುನೆಲ, ನೀರು ನಿಲ್ಲುವ ತಗ್ಗೇ ಇಲ್ಲದ ಇಳಿಜಾರು, ಇಂಥಲ್ಲಿ ಆವಾಸವಿಲ್ಲದ ಕಾರಣಕ್ಕೆ ಈ ಹಾವು ಇರುವ ಸಂಭವ ಬಹಳ ಕಡಿಮೆ ಎಂದು ಬರೆದಿದ್ದೇನೆ. ಮಳೆಗೆ ಕಾಯಲಾಗದವರಿಗೆ, ಹಾವು ಇದೆಯೆಂದೇ ಭಾವಿಸಿ ಯೋಜನೆ ಮಾಡಿ ಎಂದು ಸಲಹೆ ಕೊಡುತ್ತೇನೆ. ಕೆಲವೊಮ್ಮೆ ಅದೇ ಅಗ್ಗ. ಆದರೆ ಸಮೀಕ್ಷೆಯ ಮಾರ್ಗಸೂಚಿ ಜೀವಿಯಿಂದ ಜೀವಿಗೆ ಬೇರೆಯಾಗುವುದರಿಂದ ನನ್ನ ಈ ಮಾತನ್ನು ಬೇರೆ ಪ್ರಾಣಿಗೆ ಹಾಗೆಯೇ ಅನ್ವಯಿಸಬೇಡಿ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸೆಪ್ಟೆಂಬರ್ ಸಮೀಕ್ಷೆ. ಶೇಂಗಾ ಬೆಣ್ಣೆ, ಓಟ್ಸ್ ಕಲಸಿದ ಉಂಡೆಗಳನ್ನು ಇಲಿಬೋನುಗಳಿಗೆ ತುಂಬುತ್ತಿದ್ದಾಗ ಜಮೀನಿನ ಒಡೆಯರು, ಎಪ್ಪತ್ತು ದಾಟಿದ ಮಿತಭಾಷಿ, ಬೇಲಿಗೆ ಒರಗಿ ಬಹಳ ಹೊತ್ತು ನೋಡಿದರು. ‘ಕಪ್ಪೆ ಕೂಗಿದ ದಿನ ಫೋನ್ ಮಾಡುತ್ತೇನೆ, ಆಗ ಬನ್ನಿ’ ಎಂದಷ್ಟೇ ಹೇಳಿ ಹೋದರು. ಫೆಬ್ರವರಿಯಲ್ಲಿ ಫೋನ್ ಬಂತು. ಮಳೆ ಬಿಡುವು ಕೊಟ್ಟಾಗ ಹೋಗಿ, ಗಾಡಿಯನ್ನು ಅವರ ಅಂಗಳದಲ್ಲೇ ಬಿಟ್ಟು, ಮೂರು ರಾತ್ರಿ ಕೆಸರಿನಲ್ಲಿ ನಡೆದೆವು. ಕಪ್ಪೆಗಳ ಗದ್ದಲದಲ್ಲಿ ಜೊತೆಯವನ ಮಾತು ಕೇಳುತ್ತಿರಲಿಲ್ಲ. ಮೊದಲೆರಡು ರಾತ್ರಿ ಏನೂ ಸಿಗಲಿಲ್ಲ. ಮೂರನೆಯ ರಾತ್ರಿ, ಸೆಪ್ಟೆಂಬರಿನಲ್ಲಿ ನಾವು ದಿನವೂ ಗಾಡಿ ನಿಲ್ಲಿಸುತ್ತಿದ್ದ ಗೇಟಿನ ಪಕ್ಕದ ತಗ್ಗಿನಲ್ಲಿ, ಅರ್ಧ ನುಂಗಿದ ಕಪ್ಪೆಯನ್ನು ಬಾಯಲ್ಲಿ ಹಿಡಿದು ಅದು ಮಲಗಿತ್ತು. ಹಿರಿಯರಿಗೆ ತೋರಿಸಿದೆ. ‘ಇದೇ ಏನು? ಇದು ಪ್ರತಿ ಮಳೆಗೂ ನಮ್ಮ ನಾಯಿಯ ಬಟ್ಟಲಿನ ಹತ್ತಿರ ಬರುತ್ತದೆ’ ಎಂದರು.

ತಿದ್ದಿದ ವರದಿ ಕಳುಹಿಸಿದೆ. ಮಾರನೆಯ ದಿನ ಕರೆ ಬಂತು. ‘ಒಂದೇ ಹಾವು ಸಿಕ್ಕಿದೆಯಲ್ಲ. ಹಾಗಾದರೆ ಅಲ್ಲಿರುವುದು ಒಂದೇ ಎಂದು ಬರೆದು ಕೊಡುತ್ತೀರಾ?’