ಪದ ಪರಿಚಯ: ಗಿಣ್ಣುಹಾಲು

‘ಗಿಣ್ಣು’ ಎಂದರೆ ಕಬ್ಬಿನ ಗಂಟು, ಬೆರಳಿನ ಸಂದು ಎಂಬ ಅರ್ಥಗಳಿವೆ. ದನ ಸಾಕಿದ ಮನೆಯವರಿಗೆ ಮಾತ್ರ ಈ ಪದ ಕೇಳಿದೊಡನೆ ನೆನಪಾಗುವುದು ಕರು ಹಾಕಿದ ಹಸುವಿನ ಮೊದಲ ದಿನಗಳ ಮಂದವಾದ ಹಳದಿ ಹಾಲು, ಮತ್ತು ಅದಕ್ಕೆ ಬೆಲ್ಲ, ಏಲಕ್ಕಿ ಬೆರೆಸಿ ಬೇಯಿಸಿದ ಸಿಹಿ. ಬಾಣಂತಿಯ ಮೊದಲ ಎದೆಹಾಲಿಗೂ, ಅಂದರೆ ವೈದ್ಯರು ಕೊಲೊಸ್ಟ್ರಮ್ ಎನ್ನುವುದಕ್ಕೂ, ಇದೇ ಹೆಸರು ಸಲ್ಲುತ್ತದೆ.

ಹೆರಿಗೆಯಾದ ಮೊದಲ ಎರಡು ಮೂರು ದಿನ ಸ್ರವಿಸುವ ಈ ಹಾಲಿನಲ್ಲಿ ಪ್ರೋಟೀನ್ ಹೆಚ್ಚು, ಕೊಬ್ಬು ಕಡಿಮೆ. ಹಳದಿ ಬಣ್ಣ ಕ್ಯಾರೊಟಿನ್‌ನಿಂದ ಬಂದದ್ದು. ಕೂಸಿನ ಕರುಳಿನ ಒಳಪದರಕ್ಕೆ ಕಾವಲಾಗುವ ಐಜಿಎ ಎಂಬ ಪ್ರತಿಕಾಯ ಇದರಲ್ಲಿ ಹೇರಳವಾಗಿದೆ. ಕೂಸಿನ ಮೊದಲ ಕಪ್ಪು ಮಲ ಬೇಗ ಹೊರಹೋಗಲು, ಅದರ ಮೂಲಕ ಕಾಮಾಲೆ ತಗ್ಗಲು ಇದು ನೆರವಾಗುತ್ತದೆ. ಮೊದಲ ದಿನ ಒಮ್ಮೆಗೆ ಒಂದು ಚಮಚದಷ್ಟು ಬಂದರೆ ಹೆಚ್ಚು, ಆದ್ದರಿಂದಲೇ ಮನೆಯವರು ‘ಇನ್ನೂ ಹಾಲೇ ಇಳಿದಿಲ್ಲ’ ಎಂದು ಕಂಗೆಡುತ್ತಾರೆ. ಆದರೆ ಆಗಷ್ಟೇ ಹುಟ್ಟಿದ ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು.

ಕರುವಿಗೆ ಗಿಣ್ಣು ಕುಡಿಸದಿದ್ದರೆ ಅದು ಉಳಿಯುವುದು ಕಷ್ಟವೆಂದು ಹಟ್ಟಿಯ ಅನುಭವವೇ ಕಲಿಸಿದೆ. ಹಸುವಿನ ಮಾಸಿನ ಮೂಲಕ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲವಾದ್ದರಿಂದ, ಮೊದಲ ದಿನದ ಗಿಣ್ಣಿನಿಂದಲೇ ಅದು ಅವನ್ನು ಪಡೆಯಬೇಕು. ಮನುಷ್ಯರಲ್ಲಿ ಹಾಗಲ್ಲ, ಒಂದಿಷ್ಟು ರಕ್ಷಣೆ ಗರ್ಭದಲ್ಲಿರುವಾಗಲೇ ಕೂಸಿನ ರಕ್ತಕ್ಕೆ ಬಂದಿರುತ್ತದೆ. ಕರುಳಿನ ರಕ್ಷಣೆಗೆ ಮಾತ್ರ ಎದೆಹಾಲೇ ಬೇಕು. ಕರುವಿನ ಪಾಲನ್ನು ಅಷ್ಟು ಜತನದಿಂದ ಉಳಿಸುವ ಹಳ್ಳಿಗಳಲ್ಲೇ ಕೆಲವೆಡೆ ತಾಯಿಯ ಗಿಣ್ಣುಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿದ್ದು ನನಗೆ ನೋವಿನ ಸಂಗತಿ. ಬಣ್ಣ, ಮಂದ ಬೇರೆಯಾಗಿ ಕಂಡದ್ದರಿಂದ ಹಿರಿಯರಿಗೆ ಬಂದ ಆತಂಕವದು, ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ.

ಕೊಡಗಿನವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಾಡಿನ ಜೇನು ಎಷ್ಟೇ ಶುದ್ಧವಾಗಿರಲಿ, ಗಿಣ್ಣುಹಾಲಿನ ಬದಲು ಅದನ್ನು ಕೂಸಿನ ನಾಲಿಗೆಗೆ ನೆಕ್ಕಿಸಬಾರದು. ಜೇನಿನಲ್ಲಿ ಇರಬಹುದಾದ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ವಿಷ ಉಂಟುಮಾಡಬಲ್ಲವು. ಒಂದು ವರ್ಷ ತುಂಬುವವರೆಗೂ ಜೇನು ಬೇಡ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, 6 ತಿಂಗಳವರೆಗೆ ನೀರನ್ನೂ ಕೊಡದೆ ಎದೆಹಾಲನ್ನಷ್ಟೇ ಕುಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸು ಚೀಪಿದಷ್ಟೂ ಹಾಲು ಹೆಚ್ಚುವುದಲ್ಲದೆ, ಆಗ ಸ್ರವಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಕುಗ್ಗಿಸಿ ತಾಯಿಯ ರಕ್ತಸ್ರಾವವನ್ನೂ ತಗ್ಗಿಸುತ್ತದೆ. ಮಳೆಗಾಲದಲ್ಲಿ ರಸ್ತೆ ಕಡಿದುಹೋಗುವ ಬುಡಕಟ್ಟು ಹಾಡಿಯ ತಾಯಿಗೂ, ತೋಟದ ಕಾರ್ಮಿಕರ ಲೈನ್‌ಮನೆಯ ತಾಯಿಗೂ ಇದು ಸಣ್ಣ ಮಾತಲ್ಲ. ತೂಕ ಕಡಿಮೆಯಿರುವ ಕೂಸಿಗೆ ಚೀಪುವ ಶಕ್ತಿ ಇಲ್ಲದಿದ್ದರೆ, ದಾದಿಯ ನೆರವಿನಿಂದ ಗಿಣ್ಣುಹಾಲನ್ನು ಶುದ್ಧವಾದ ಚಮಚಕ್ಕೆ ಕೈಯಿಂದಲೇ ಹಿಂಡಿ, ತೊಟ್ಟು ತೊಟ್ಟಾಗಿ ಕುಡಿಸಬಹುದು.