ಜೊತೆಗೆ ನಿಂತ ಬಿಳಿಯರು: ಮಿಸಿಸಿಪ್ಪಿಯಿಂದ ಲೂಯಿವಿಲ್‌ವರೆಗೆ

1964ರ ಜೂನ್ 21. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ನೆಶೋಬಾ ಕೌಂಟಿಯಲ್ಲಿ ಡೆಪ್ಯುಟಿ ಶೆರಿಫ್ ಸೆಸಿಲ್ ಪ್ರೈಸ್ ಒಂದು ಕಾರನ್ನು ತಡೆದ. ಅತಿ ವೇಗ ಅನ್ನುವುದು ನೆಪ. ಒಳಗೆ ಮೂವರಿದ್ದರು. ಜೇಮ್ಸ್ ಚೇನಿ ಅದೇ ರಾಜ್ಯದ ಕಪ್ಪು ಯುವಕ. ಮೈಕಲ್ ಶ್ವರ್ನರ್ ಮತ್ತು ಆಂಡ್ರ್ಯೂ ಗುಡ್‌ಮನ್ ನ್ಯೂಯಾರ್ಕಿನಿಂದ ಬಂದಿದ್ದ ಬಿಳಿಯರು. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸ ಇವರದು. ಮೂವರನ್ನೂ ಜೈಲಿಗೆ ಹಾಕಿ ರಾತ್ರಿ ಬಿಟ್ಟರು. ದಾರಿಯಲ್ಲಿ ಅದೇ ಪ್ರೈಸ್ ಮತ್ತೆ ಹಿಡಿದು ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆ ಕೂ ಕ್ಲಕ್ಸ್ ಕ್ಲಾನ್‌ನ ಗುಂಪಿಗೆ ಒಪ್ಪಿಸಿದ. 44 ದಿನ ಕಳೆದ ಮೇಲೆ ಒಂದು ಮಣ್ಣಿನ ಏರಿಯ ಅಡಿಯಲ್ಲಿ ಮೂವರ ಶವಗಳು ಸಿಕ್ಕವು.

ಅಷ್ಟು ದಿನ ಇಡೀ ದೇಶ ಇವರನ್ನು ಹುಡುಕಿತು. ಎಫ್‌ಬಿಐ ಬಂತು, ನೌಕಾಪಡೆಯ ಸಿಬ್ಬಂದಿಯೂ ಬಂದರು. ಹೀಗೆ ಹುಡುಕುವಾಗಲೇ ನದಿಯ ಕಡೆ ಇಬ್ಬರು ಕಪ್ಪು ಯುವಕರ ಶವ ಸಿಕ್ಕಿದವು. ಅವರನ್ನೂ ಕ್ಲಾನ್‌ನವರೇ ಮೇ ತಿಂಗಳಲ್ಲಿ ಕೊಂದಿದ್ದರು. ಅವರು ಕಾಣೆಯಾದಾಗ ಯಾವ ಪಡೆಯೂ ಬಂದಿರಲಿಲ್ಲ. ಚೇನಿ ಒಬ್ಬನೇ ಆಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ ಎಂದು ಶ್ವರ್ನರ್ ಅವರ ಪತ್ನಿ ರೀಟಾ ಪತ್ರಕರ್ತರ ಮುಂದೆ ಆಗಲೇ ಹೇಳಿದರು. ಗಂಡ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ಆ ಮಾತು ಆಡಲು ಎಷ್ಟು ಗಟ್ಟಿತನ ಬೇಕು!

ಆ ಬೇಸಿಗೆಯಲ್ಲಿ ಉತ್ತರದ ಕಾಲೇಜುಗಳಿಂದ ಸುಮಾರು ಸಾವಿರ ವಿದ್ಯಾರ್ಥಿಗಳು ಮಿಸಿಸಿಪ್ಪಿಗೆ ಬಂದಿದ್ದರು. ಹೆಚ್ಚಿನವರು ಬಿಳಿಯರು. ಅವರನ್ನು ಕರೆಸಿದ ಕಪ್ಪು ಹೋರಾಟಗಾರ ಬಾಬ್ ಮೋಸೆಸ್ ಮತ್ತು ಜೊತೆಗಾರರಿಗೆ ಲೆಕ್ಕ ಸ್ಪಷ್ಟವಾಗಿತ್ತು. ಬಿಳಿ ಮಕ್ಕಳು ಬಂದರೆ ಕ್ಯಾಮೆರಾಗಳೂ ಬರುತ್ತವೆ. ಆ ಲೆಕ್ಕ ಹಾಕಬೇಕಾಗಿ ಬಂದದ್ದೇ ಅವರಿಗೆ ನೋವಿನ ವಿಷಯವಾಗಿತ್ತು.

ಪೊಲೀಸರ ಕಡೆ ಇರುವುದು ಬಿಳಿಯರಿಗೆ ಬರೀ ರೂಢಿಯಾಗಿರಲಿಲ್ಲ, ಒಂದು ಕಾಲಕ್ಕೆ ಕಾನೂನೇ ಆಗಿತ್ತು. ಗುಲಾಮರ ಮೇಲೆ ಕಣ್ಣಿಡುವ ಗಸ್ತು ಪಡೆಗಳನ್ನು ಕೆರೊಲಿನಾದಲ್ಲಿ 1704ರಷ್ಟು ಹಿಂದೆಯೇ ಕಟ್ಟಿದ್ದರು. 1850ರ ಕಾಯ್ದೆ ಇನ್ನೂ ಮುಂದೆ ಹೋಯಿತು. ತಪ್ಪಿಸಿಕೊಂಡ ಗುಲಾಮರನ್ನು ಹಿಡಿಯಲು ಅಧಿಕಾರಿಗಳು ಕರೆದರೆ ಸಾಮಾನ್ಯ ಜನರೂ ಕೈಜೋಡಿಸಲೇಬೇಕಿತ್ತು. ಸುಮ್ನೆ ಇರ್ತೀನಿ ಅನ್ನುವ ಹಾಗೂ ಇರಲಿಲ್ಲ.

ಮತ್ತೆ 1965ಕ್ಕೆ ಬರೋಣ. ಫೆಬ್ರವರಿಯಲ್ಲಿ ಅಲಬಾಮಾದ ಮೇರಿಯನ್ ಊರಿನಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ ಕಪ್ಪು ಯುವಕನಿಗೆ ರಾಜ್ಯ ಪೊಲೀಸ್ ಒಬ್ಬ ಗುಂಡು ಹೊಡೆದ. ಎಂಟು ದಿನದ ನಂತರ ಆತ ತೀರಿಕೊಂಡ. ಆ ಸಾವಿನ ಸಿಟ್ಟೇ ಅದೇ ರಾಜ್ಯದ ಸೆಲ್ಮಾ ಊರಿನ ಮೆರವಣಿಗೆಗೆ ಕಾರಣ. ಮಾರ್ಚ್ 7ರಂದು ಪೊಲೀಸರು ಆ ಮೆರವಣಿಗೆಯನ್ನು ಲಾಠಿಯಿಂದ ಚಚ್ಚಿದರು. ಬೆಂಬಲಕ್ಕೆ ಬಂದ ಬಿಳಿಯ ಪಾದ್ರಿ ಜೇಮ್ಸ್ ರೀಬ್ ಅವರನ್ನು ಅಲ್ಲಿನ ಬಿಳಿಯರು ಹೊಡೆದು ಕೊಂದರು. ರೀಬ್ ಪತ್ನಿಗೆ ಅಧ್ಯಕ್ಷ ಜಾನ್ಸನ್ ಅವರೇ ಫೋನ್ ಮಾಡಿ ಸಂತಾಪ ಹೇಳಿದರು. ಜಾಕ್ಸನ್ ತಾಯಿಗೆ ಅಂಥ ಫೋನ್ ಬರಲಿಲ್ಲ. ರೀಬ್ ಅವರ ಧೈರ್ಯ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಹೋರಾಟದಲ್ಲಿದ್ದ ಕಪ್ಪು ಯುವಕರು ಈ ವ್ಯತ್ಯಾಸವನ್ನು ಮರೆಯಲಿಲ್ಲ, ಮರೆಯಬೇಕಾಗಿಯೂ ಇರಲಿಲ್ಲ.

1966ರಲ್ಲಿ ಅವರ ಸಂಘಟನೆ ಎಸ್‌ಎನ್‌ಸಿಸಿ (ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿ) ಬೇರೆ ದಾರಿ ಹಿಡಿಯಿತು. ಅದರ ನಾಯಕ ಸ್ಟೋಕ್ಲಿ ಕಾರ್ಮೈಕಲ್ ಬಿಳಿಯ ಗೆಳೆಯರಿಗೆ ಹೇಳಿದ್ದು ಇಷ್ಟು: ಜನಾಂಗ ದ್ವೇಷ ಇರುವುದು ನಿಮ್ಮವರ ನಡುವೆ, ಅಲ್ಲಿ ಹೋಗಿ ಕೆಲಸ ಮಾಡಿ. ತುಂಬ ಜನರಿಗೆ ಇದು ಹೊರದಬ್ಬಿದಂತೆ ಅನ್ನಿಸಿತು. ನನಗೆ ಮಾತ್ರ ಇದು ಇಡೀ ಚಳವಳಿಯ ಅತ್ಯಂತ ನೇರವಾದ ಬೇಡಿಕೆ ಅನ್ನಿಸುತ್ತದೆ. ಸೆಲ್ಮಾಗೆ ಬಸ್ ಹತ್ತುವುದಕ್ಕಿಂತ ನಮ್ಮ ಮಾವ, ನೆರೆಮನೆಯವರು, ಚರ್ಚಿನ ಹಿರಿಯರು ಇವರ ಜೊತೆ ಜಗಳಕ್ಕೆ ನಿಲ್ಲುವುದು ಜಾಸ್ತಿ ಕಷ್ಟ, ಅಲ್ವಾ?

ಆ ಕಷ್ಟದ ಕೆಲಸವನ್ನು ಮೊದಲೇ ಆರಿಸಿಕೊಂಡವರು ಕೆಂಟಕಿ ರಾಜ್ಯದ ಲೂಯಿವಿಲ್‌ನ ಆ್ಯನ್ ಮತ್ತು ಕಾರ್ಲ್ ಬ್ರೇಡನ್ ದಂಪತಿ. 1954ರ ಮೇನಲ್ಲಿ ಅವರು ಬಿಳಿಯರ ಬಡಾವಣೆಯಲ್ಲಿ ಒಂದು ಮನೆ ಕೊಂಡು ವೇಡ್ ಎಂಬ ಕಪ್ಪು ಕುಟುಂಬಕ್ಕೆ ಬರೆದುಕೊಟ್ಟರು. ಕಲ್ಲು, ಗುಂಡು ಬಿದ್ದವು. ಜೂನ್‌ನಲ್ಲಿ ಮನೆಗೆ ಬಾಂಬ್ ಇಟ್ಟರು. ಬಾಂಬ್ ಇಟ್ಟವರಿಗೆ ಶಿಕ್ಷೆಯಾಗಲಿಲ್ಲ. ರಾಜದ್ರೋಹದ ಕೇಸು ಬಿದ್ದದ್ದು ಬ್ರೇಡನ್ ದಂಪತಿಯ ಮೇಲೆ! ಕಾರ್ಲ್‌ಗೆ 15 ವರ್ಷ ಜೈಲು ಎಂದು ತೀರ್ಪಾಯಿತು. ತಿಂಗಳುಗಟ್ಟಲೆ ಒಳಗಿದ್ದ ಮೇಲೆ ಹೊರಬಂದರು, ಕೊನೆಗೆ ತೀರ್ಪೂ ರದ್ದಾಯಿತು. ಆ್ಯನ್ ಊರು ಬಿಡಲಿಲ್ಲ. 2006ರಲ್ಲಿ ತೀರಿಕೊಳ್ಳುವವರೆಗೂ ಬಿಳಿಯರ ನಡುವೆಯೇ ಈ ಕೆಲಸ ಮಾಡಿದರು.

ಬ್ರೇಡನ್ ದಂಪತಿಗೆ ತಪ್ಪಿಸಿಕೊಳ್ಳುವ ದಾರಿ ಇತ್ತು, ಅವರು ಅದನ್ನು ಬಳಸಲಿಲ್ಲ. ಇಂಥದ್ದೇ ಒಂದು ದಾರಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರಿಗೂ ಸಿಕ್ಕಿತ್ತು. 1941ರಲ್ಲಿ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಬೋಗಿಯಲ್ಲಿ ಕೂತಿದ್ದರು. ಎದ್ದು ಹೋಗು ಎಂದ ಸಿಬ್ಬಂದಿಗೆ ಇವರು ಬೇರೆ ದೇಶದವರಿರಬೇಕು ಎಂದು ಅನುಮಾನ ಬಂತು. ಯಾವ ದೇಶ ಎಂದು ಕೇಳಿದ. ಭಾರತ ಅಂದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ನಾನೂ ಬಿಳಿಯಳಲ್ಲ, ಏಳುವುದಿಲ್ಲ ಎಂಬರ್ಥದಲ್ಲಿ ಉತ್ತರಿಸಿ ಅಲ್ಲೇ ಕೂತರು. ಇವತ್ತು ಅಮೆರಿಕದಲ್ಲಿರುವ ನಮ್ಮ ಕನ್ನಡಿಗರು ಈ ಉತ್ತರವನ್ನು ನೆನಪಿಟ್ಟುಕೊಳ್ಳಬೇಕು. ಅವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಕಪ್ಪು ಜನರ ಹೋರಾಟದ ಗಾಳಿಯಲ್ಲೇ ಬಂದದ್ದು.

2020ರ ಮಾರ್ಚ್ 13ರಂದು ಲೂಯಿವಿಲ್‌ನಲ್ಲಿ ಪೊಲೀಸರು ನಡುರಾತ್ರಿ ಬಾಗಿಲು ಮುರಿದು ನುಗ್ಗಿ 26 ವರ್ಷದ ಕಪ್ಪು ಯುವತಿ ಬ್ರಿಯಾನಾ ಟೇಲರ್ ಅವರನ್ನು ಗುಂಡಿಟ್ಟು ಕೊಂದರು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಡೆರೆಕ್ ಶಾವಿನ್ ಎಂಬ ಪೊಲೀಸ್ 9 ನಿಮಿಷ 29 ಸೆಕೆಂಡು ಕುತ್ತಿಗೆಯ ಮೇಲೆ ಮಂಡಿಯೂರಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಉಸಿರು ನಿಲ್ಲಿಸಿದ. ಮೂರು ದಿನದ ನಂತರ ಲೂಯಿವಿಲ್‌ನ ಪ್ರತಿಭಟನೆಯಲ್ಲಿ ಬಿಳಿಯ ಹೆಂಗಸರು ಕೈಕೈ ಹಿಡಿದು ಸಾಲಾಗಿ ನಿಂತರು. ಮುಂದೆ ಪೊಲೀಸರು, ಹಿಂದೆ ಕಪ್ಪು ಪ್ರತಿಭಟನಾಕಾರರು. ಆ ಫೋಟೋ ಎಲ್ಲೆಡೆ ಓಡಾಡಿತು. ಅವರು ಮಾಡಿದ್ದು ಸರಿ. ಆದರೆ ಬಿಳಿ ಮೈ ಗುರಾಣಿಯಾಗುತ್ತದೆ ಎಂದಾದರೆ, ಪೊಲೀಸರ ಲಾಠಿ ಬಣ್ಣ ನೋಡುತ್ತದೆ ಎಂಬ ದೂರಿಗೆ ಬೇರೆ ಸಾಕ್ಷಿ ಯಾಕೆ ಬೇಕು?

ಆ ಜೂನ್‌ನಲ್ಲಿ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ 60ರಷ್ಟು ಬಿಳಿಯರು ಬ್ಲ್ಯಾಕ್ ಲೈವ್ಸ್ ಮ್ಯಾಟರ್ (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಚಳವಳಿಯನ್ನು ಬೆಂಬಲಿಸಿದ್ದರು. ಸೆಪ್ಟೆಂಬರ್ ಹೊತ್ತಿಗೆ ಅದು ಶೇ 45ಕ್ಕೆ ಇಳಿದಿತ್ತು. ಕಾರ್ಮೈಕಲ್ ಹೇಳಿದ ಕೆಲಸ ಎಷ್ಟು ಬಾಕಿ ಇದೆ ಅನ್ನುವುದು ಈ ಇಳಿತದಲ್ಲೇ ಕಾಣುತ್ತದೆ.

ಸಿಕ್ಕ ಗೆಲುವುಗಳು ಊರಿನ ಮಟ್ಟದವು. ಬಾಗಿಲು ತಟ್ಟದೆ ನುಗ್ಗುವ ವಾರಂಟನ್ನು ಲೂಯಿವಿಲ್ ನಗರಸಭೆ 2020ರ ಜೂನ್‌ನಲ್ಲೇ ನಿಷೇಧಿಸಿತು. ಆ ಊರಿನ ಪೊಲೀಸ್ ಇಲಾಖೆಯನ್ನು ಕೋರ್ಟಿನ ನಿಗಾದಲ್ಲಿ ಸುಧಾರಿಸುವ ಒಪ್ಪಂದಕ್ಕೆ 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಹಿ ಹಾಕಿತ್ತು. 2025ರ ಮೇನಲ್ಲಿ ಹೊಸ ಸರ್ಕಾರ ಅದರಿಂದ ಹಿಂದೆ ಸರಿಯಿತು. ಸುಧಾರಣೆಯನ್ನು ನಾವೇ ಮುಂದುವರಿಸುತ್ತೇವೆ ಎಂದು ನಗರದ ಆಡಳಿತ ಹೇಳಿದೆ. ಮಾತು ಉಳಿಸಿಕೊಳ್ಳುತ್ತದೋ ಇಲ್ಲವೋ ನೋಡಲು ಇನ್ನು ದೊಡ್ಡ ಕ್ಯಾಮೆರಾಗಳು ಬರುವುದಿಲ್ಲ. ಬಜೆಟ್ ಸಭೆಗೆ ಹೋಗಿ ಲೆಕ್ಕ ಕೇಳಬೇಕಾದವರು ಆ ಊರಿನ ಮತದಾರರೇ, ಅವರಲ್ಲಿ ಹೆಚ್ಚಿನವರು ಬಿಳಿಯರು.